ಮೂರು ಗರಿಯ ನವಿಲು

ಚಂದ್ರನ ಮೇಲಿನ ಊರಿನಲ್ಲಿ ಗಣಿಯ ಪಾಳಿ ಬಿಡುವ ಹೊತ್ತಿಗೆ ನೀಲಗಂಗವ್ವ ದಿನಾ ಊರಿನ ಗಾಳಿ ಹೊರಗೆ ಸೋರದಂತೆ ಕಾಯುವ ಗಾಳಿಬಾಗಿಲಿನ ಎದುರು ಬಂದು ಕೂರುತ್ತಾಳೆ. ಇವತ್ತು ಪಕ್ಕದಲ್ಲಿ ಲಾಂಛನ ಇಲಾಖೆಯ ಕಲ್ಮೇಶನೂ ಇದ್ದ.

“ಅಜ್ಜಿ, ನಮ್ಮ ದೇಶದ ಬಾವುಟದ ನವಿಲಿಗೆ ಮೂರ ಗರಿ ಯಾಕ? ನೆಲ, ನೀರು, ಗಾಳಿ ಅಂತ ಸಾಲ್ಯಾಗ ಕಲಸ್ತಾರ. ಖರೇನ?”

“ಹಂಗೇನಿಲ್ಲಪಾ. ಗಣಿಗೆ ಹಾಕ್ಕೊಂಡು ಹೋಗೂ ಆ ದಿರಿಸಿನ್ಯಾಗ ಯಾರ ಮಾರೀನೂ ಕಾಣೂದಿಲ್ಲ. ನಮ್ಮ ಯಜಮಾನ್ರ ಗುರುತು ಸಿಗಲಿ ಅಂತ ಅವರ ತೋಳಪಟ್ಟಿಗೆ ನವಿಲಿನ ಕಸೂತಿ ಹಾಕಾಕತ್ತಿದ್ದೆ. ಮೂರು ಗರಿ ಆಗೂದ್ರಾಗ ಪಾಳಿ ಗಂಟಿ ಹೊಡೀತು. ‘ಇನ್ನೊಂದು ಗರಿ ನಾ ಬಂದ ಮ್ಯಾಲೆ ಹಾಕೀಯಂತ’ ಅಂದು ಕಟಗೊಂಡು ಹೋದ್ರು.”

ಅವತ್ತು ಗಣಿ ಕುಸಿಯಿತು. ಹುಡುಕಲು ಹೊರಟವರಿಗೆ ಗಂಡನ ಗುರುತು ತಿಳಿಯಲೆಂದು ಅವಳು ಅಂಥದೇ ನವಿಲನ್ನು ಒಬ್ಬೊಬ್ಬರ ಪಟ್ಟಿಗೂ ಹಾಕಿಕೊಟ್ಟಳು. ಗಂಡ ಸಿಗಲಿಲ್ಲ. ಹುಡುಕಿದವರು ಪಟ್ಟಿ ಬಿಚ್ಚಲಿಲ್ಲ. ಅವರನ್ನು ನೋಡಿ ಉಳಿದವರೂ ಕಟ್ಟಿಕೊಂಡರು. ಮುಂದೆ ಚಂದ್ರನೂ ಒಂದು ದೇಶವಾದಾಗ ನವಿಲು ಬಾವುಟಕ್ಕೇರಿತು.

ಕಲ್ಮೇಶ ಪೆನ್ನು ಕೆಳಗಿಟ್ಟ. “ಹಂಗಾದ್ರ ನಾಲ್ಕನೇದು ಸೇರಸೂಣೇನ್ರಿ?”

“ಬ್ಯಾಡ. ಅದನ್ನ ನಾನ ಹಾಕಬೇಕು.” ದಾರ ಪೋಣಿಸಿದ ಸೂಜಿ ಅವಳ ಸೆರಗಿನಲ್ಲೇ ಇತ್ತು. ನಲವತ್ತು ವರ್ಷಗಳಲ್ಲಿ ದಾರ ಮಾತ್ರ ಬದಲಾಗಿತ್ತು.

ಗಾಳಿಬಾಗಿಲು ತೆರೆಯಿತು. ಮುಖ ಕಾಣದ ನೂರು ಜನ ಸಾಲಾಗಿ ಒಳಗೆ ಬಂದರು. ನೂರೂ ತೋಳುಗಳ ಮೇಲೆ ಅವಳ ಗಂಡನ ಗುರುತಿತ್ತು.

ನೀಲಗಂಗವ್ವ ಎದ್ದು ನಿಂತಳು. ಕೊನೆಯವನು ಹೆಲ್ಮೆಟ್ ತೆಗೆಯುವವರೆಗೂ ಕೂರಲಿಲ್ಲ.