ಜೂನ್ ಒಂದರ ಗಂಗಿಯರು

ಗಂಗಿಗೆ ಚುಚ್ಚಲೆಂದು ಹಿಡಿದಿದ್ದ ಸೂಜಿಯನ್ನು ನರ್ಸ್ ಯಶೋದಾ ಹಾಗೇ ಟ್ರೇಗೆ ಇಳಿಸಿದಳು.

"ರಕ್ಷಿತಾ, ಬಾ ಇಲ್ಲಿ. ಈ ಗಂಗಿಗೆ ಪೆನ್ಸಿಲಿನ್ ಆಗೂದಿಲ್ಲ, ನಂಗೆ ನೆನಪದೆ. ಹಳೇ ಕಂಪ್ಯೂಟರಲ್ಲಿ ಕೆಂಪಕ್ಷರದಲ್ಲಿ ಇತ್ತು. ನಿನ್ನ ಹೊಸದ್ರಲ್ಲಿ ಎಲ್ ಹೋತು ಅದು?"

ರಕ್ಷಿತಾ ಓಡಿ ಬಂದಳು. ಅಂಕೋಲೆಯ ಈ ಆಸ್ಪತ್ರೆಯ, ಅದರ ಐದು ಶಾಖೆಗಳ ರೋಗಿಗಳ ದಾಖಲೆಯನ್ನೆಲ್ಲ ಕ್ಲೌಡಿಗೆ ಸಾಗಿಸಿದವಳು ಅವಳೇ. ಎರಡೆರಡು ಸಲ ನಮೂದಾದವರನ್ನು ಪ್ರೋಗ್ರಾಮೇ ಹುಡುಕಿ ಒಂದಾಗಿಸಿತ್ತು. ಮಧ್ಯಾಹ್ನ ಹಳೇ ಸರ್ವರ್ ಅಳಿಸಿಬಿಟ್ಟರೆ ಮುಗಿಯಿತು ಎಂದು ಈಗಷ್ಟೇ ನೆಮ್ಮದಿಯಿಂದ ಚಹಾ ಕುಡಿದಿದ್ದಳು.

ಹಳೆಯದನ್ನು ತೆರೆದು ನೋಡಿದಳು. ಬೊಬ್ರುವಾಡದಲ್ಲಿ ಗಂಗಿ ಗೌಡ ಎಂಬವರು ಇಬ್ಬರು. ಇಬ್ಬರೂ ಹುಟ್ಟಿದ್ದು 1961ರ ಜೂನ್ 1. ಪ್ರೋಗ್ರಾಮು ಇಬ್ಬರನ್ನೂ ಸೇರಿಸಿ ಒಬ್ಬಳನ್ನು ಮಾಡಿ, ಈ ಗಂಗಿಯ ಕೆಂಪಕ್ಷರವನ್ನು ಕೈಬಿಟ್ಟಿತ್ತು.

"ನೀವಿಬ್ರೂ ಒಂದೇ ದಿನ ಹುಟ್ಟಿದ್ದಾ, ಅಜ್ಜಿ?"

ಗಂಗಿ ಬಾಯ್ತುಂಬ ನಕ್ಕಳು. "ಎಲ್ಲಿಂದ ತಂಗಿ! ಅವ್ಳು ನಂಗಿಂತ ಎರಡು ವರ್ಷ ದೊಡ್ಡೋಳು. ಇಬ್ರೂ ಒಟ್ಟಿಗೇ ಶಾಲೆಗೆ ಹೋದ್ದು. ಅವ್ವಿಗೆ ತಾರೀಕು ಎಲ್ಲಿ ಗೊತ್ತಿತ್ತು? ಮಾಸ್ತರು ಎಲ್ಲರಿಗೂ ಅದೇ ವರ್ಷ, ಅದೇ ಜೂನ್ ಒಂದು ಬರ್ಕಂಡ್ರು."

ಪ್ರೋಗ್ರಾಮಿಗೆ ಪಾಪ, ಆ ಮಾಸ್ತರ ಪರಿಚಯ ಎಲ್ಲಿಂದ ಬರಬೇಕು! ರಕ್ಷಿತಾ ಒಂದಾಗಿಸಿದವರ ಪಟ್ಟಿ ತೆಗೆದಳು. ಜೂನ್ ಒಂದರವರೇ ನೂರಾ ಹದಿನೆಂಟು ಜನ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಕಾರವಾರದ ಕಚೇರಿಯಲ್ಲಿದ್ದ ನಿತೇಶನಿಗೆ ಫೋನ್ ಹಚ್ಚಿದಳು. ಯಾರನ್ನು ಒಂದಾಗಿಸಬೇಕೆಂಬ ನಿಯಮ ಬರೆದವನು ಅವಳ ಈ ಮೇಲಧಿಕಾರಿಯೇ.

"ಸರ್, ಹಳೇದನ್ನು ನಾನು ಅಳಿಸೂದಿಲ್ಲ. ಒಬ್ಬೊಬ್ಬರನ್ನೇ ಕರೆದು ಕೇಳ್ಬೇಕು."

"ತಲೆ ಸರಿ ಇದ್ಯಾ? ಸೋಮವಾರ ಎಲ್ಲಾ ಶಾಖೆ ಶುರು ಆಗ್ಬೇಕು. ಊರು, ಹೆಸರು, ಹುಟ್ಟಿದ ದಿನ ಮೂರೂ ಒಂದೇ ಆದ್ರೆ ಮನುಷ್ಯನೂ ಒಂದೇ. ಅದ್ರಲ್ಲಿ ಕೇಳೂಕೆ ಎಂತ ಅದೆ?"

ರಕ್ಷಿತಾ ಸೂಜಿಯ ವಿಷಯ ಹೇಳಿದಳು. ಮಾಸ್ತರ ವಿಷಯವನ್ನೂ ಹೇಳಿದಳು.

"ರಕ್ಷಿತಾ," ನಿತೇಶನ ದನಿ ತಗ್ಗಿತ್ತು. "ಆ ಪಟ್ಟಿಯಲ್ಲಿ ತಿಮ್ಮು ಗೌಡ ಅಂತ ಇದ್ಯಾ ನೋಡು. ಊರು ರಾಮನಗುಳಿ, ಜೂನ್ ಒಂದು. ನಮ್ಮಪ್ಪ."