ತಪಾಸಣೆಗೆ ಇಟ್ಟ ಪುಸ್ತಕಗಳು

ಸೆರಗಿನ ಗಂಟು ಬಿಚ್ಚಿ ಗ್ರಂಥಾಲಯದ ಸಹಾಯಕಿ ಬಾಳಾಬಾಯಿ ಗಾಜಿನ ಕಪಾಟಿನ ಬೀಗಕ್ಕೆ ಕೀಲಿ ತೂರಿಸಿದ್ದೇ ತಡ, ಗ್ರಂಥಪಾಲ ಶಿವಶರಣರು ಕುರ್ಚಿಯಿಂದ ಜಿಗಿದೆದ್ದರು. "ಏ, ತಲಿ ಕೆಟ್ಟೈತೇನು ನಿನಗ? ಅವು ತಪಾಸಣಿ ಬಂದಾಗ ತೋರಸಾಕ ಇಟ್ಟ ಪುಸ್ತಕ. ಮಂದಿ ಓದಿದ್ರ ಹಳೇವಾಗತಾವ!"

"ಈ ಉಮಾಶ್ರೀದು ರವಿವಾರ ಪೊಲೀಸ್ ಭರತಿ ಪರೀಕ್ಷಾ ಐತ್ರಿ ಸರ್. ಆಕಿಗೆ ಬೇಕಾದದ್ದು ಇದರಾಗ ಐತಿ." ಯಳವಿ ಊರಿನಿಂದ ಮೂರನೇ ಸಲ ಬಂದಿದ್ದ ಹುಡುಗಿ ಬರಿಗೈಲಿ ಮರಳಲು ಆಗಲೇ ಚಪ್ಪಲಿ ಮೆಟ್ಟಿದ್ದಳು. ಆರು ವರ್ಷ ಆ ಗಾಜನ್ನು ಹೊರಗಿನಿಂದಷ್ಟೇ ಒರೆಸಿದ್ದ ಬಾಳಾಬಾಯಿ ಕೀಲಿ ತಿರುವತೊಡಗಿದಳು.

"ಅಧ್ಯಕ್ಷರಿಗೆ ಹೇಳಿ ಕೆಲಸದಿಂದ ತಗಸ್ತೇನಿ ನೋಡು!"

"ಸಾಂಗ್ಲಿಗೆ ನಾಯಕತ್ವ ತರಬೇತಿಗೆ ಕಳಿಸಿದವ್ರು ನೀವ ಅಲ್ಲೇನ್ರಿ? ಓದಾವ್ರು ಬಾಗಿಲದಾಗ ನಿಂತಾಗ ಸಾಹೇಬ್ರ ಮಾರಿ ನೋಡಬ್ಯಾಡ್ರಿ, ನಿರ್ಧಾರ ನೀವ ತಗೋರಿ ಅಂತ ಹೇಳ್ಯಾರ ಅಲ್ಲಿ."

"ನನಗ ಬಿಸಲಾಗ ಹೋಗೂದು ಆಗಲಿಲ್ಲಂತ ನಿನ್ನ ಕಳಿಸಿದೆ! ಉಂಡು ಬಾ ಅಂದ್ರ ಕಲಿತು ಬಂದೀಯಲ್ಲ!"

ಬೀಗ ಕಟಕ್ಕೆಂದು ತೆರೆಯಿತು. ಉಮಾಶ್ರೀ ದಪ್ಪ ಪುಸ್ತಕವನ್ನು ಎದೆಗವಚಿಕೊಂಡು, ರಜಿಸ್ಟರಿನಲ್ಲಿ ಸಹಿ ಹಾಕಿ, ಶಿವಶರಣರು ಇನ್ನೊಂದು ಮಾತಾಡುವ ಮೊದಲೇ ಓಡಿದಳು. ಗೊಣಗುತ್ತ ಕಪಾಟು ಮುಚ್ಚಲು ಬಂದ ಅವರ ಕಣ್ಣು ಒಂದು ಪತ್ತೇದಾರಿ ಕಾದಂಬರಿಯ ಮೇಲೆ ಬಿತ್ತು. ಸುಮ್ಮನೆ ತೆರೆದರು. ನಿಂತಲ್ಲೇ ನಾಲ್ಕು ಪುಟವಾದವು. ಕೊಲೆ ಯಾರು ಮಾಡಿದರೆಂದು ತಿಳಿಯದೆ ಮನೆಗೆ ಹೋಗುವುದು ಸಾಧ್ಯವಿರಲಿಲ್ಲ. ಅತ್ತಿತ್ತ ನೋಡಿ ಪುಸ್ತಕವನ್ನು ಮೆಲ್ಲಗೆ ಕೈಚೀಲಕ್ಕೆ ಇಳಿಸಿದರು.

ಬಾಳಾಬಾಯಿ ರಜಿಸ್ಟರನ್ನು ಅವರ ಮುಂದೆ ಸರಿಸಿದಳು.

"ಸಹಿ ಮಾಡ್ರಿ ಸರ್. ಎಂಟು ದಿನದಾಗ ತಂದು ಕೊಡಬೇಕು. ಹಾಳಿ ಮಡಚಬ್ಯಾಡ್ರಿ."