ಕಾಣೆಯಾದ ಫಾಂಟ್

ವರ್ಷದಿಂದ ಮುಟ್ಟದ ಕಂಪ್ಯೂಟರನ್ನು ಸಂಗೀತದ ಮೇಷ್ಟ್ರು ಅಂದು ತೆರೆದರು. ತಾವು ರಚಿಸಿದ ಕೃತಿಗಳ ಸ್ವರಲಿಪಿಯನ್ನು ಮುದ್ರಣಕ್ಕೆ ಕೊಡಬೇಕಿತ್ತು. ಪರದೆಯ ತುಂಬ ಅಕ್ಷರಗಳ ಬದಲು ಬರೀ ಚೌಕಗಳು. ರಿಪೇರಿಯವನನ್ನು ಕರೆಸಿದರು.

"‘ವಿಭಾ’ ಅನ್ನೋ ಫಾಂಟ್ ಸಿಗ್ತಿಲ್ಲ ಅಂತ ತೋರಿಸ್ತಿದೆ ಸರ್," ಎಂದ ಅವನು.

ಆ ಮನೆಯಲ್ಲಿ ವರ್ಷದಿಂದ ಯಾರೂ ಎತ್ತದ ಹೆಸರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ತಲೆ ತಗ್ಗಿಸಿದರು.

"ಬದಲಿಗೆ ಬೇರೆ ಹಾಕ್ಲಾ?"

"ಬೇಡ. ಅದೇ ಬೇಕು."

"ನೆಟ್ಟಲ್ಲೂ ಇಲ್ವಲ್ಲ ಸರ್."

"ಎಲ್ಲಿರುತ್ತೆ? ನನ್ನ ಮಗಳ ಕೈಬರಹದಿಂದ ಮಾಡಿದ್ದದು. ಅವಳು ‘ಮ’ ಬರೆದ್ರೆ ಬಾಲ ಉದ್ದ."

"ಹಾಗಾದ್ರೆ ಅವರಿಗೇ ಒಂದು ಫೋನ್ ಮಾಡಿ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು.

"ಫಾಂಟು ತಾನಾಗಿ ಹೋಗಲ್ಲ ಸರ್. ಯಾರೋ ತೆಗೆದಿದಾರೆ."

ಮೇಷ್ಟ್ರು ಹೆಂಡತಿಯತ್ತ ತಿರುಗಿದರು. "ಯಾರೇ ಇದನ್ನ ಮುಟ್ಟಿದ್ದು?"

"ನಾನೇ ರೀ. ಅವಳು ಹೇಳದೆ ಮದುವೆ ಆದ ದಿನ ನೀವೇ ಅಂದ್ರಲ್ಲ, ಅವಳದ್ದು ಅಂತ ಒಂದೂ ಈ ಮನೇಲಿ ಉಳೀಬಾರದು ಅಂತ."